ಬೀಳುವ ಹಲ್ಲಿಗೆ ಮದ್ದೇಕೆ?

ಹಲ್ಲು ಕೆಟ್ಟಿತು ಎಂಬುದನ್ನು ಕನ್ನಡ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ: ಹುಳುಕು. ಆ ಮಾತಿನ ಹೊಟ್ಟೆಯೊಳಗೇ ಒಂದು ಹುಳ ಕೂತಿದೆ. ಧಾರವಾಡ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಮಗುವಿನ ಗಲ್ಲ ಊದಿದರೆ ‘ಹಲ್ಲಿಗೆ ಹುಳ ಹತ್ಯಾವ’ ಎನ್ನುವುದು ಸಾಮಾನ್ಯ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ‘ಹಾಲಹಲ್ಲು, ಹೆಂಗೂ ಬೀಳೂದ. ಅದಕ್ಯಾಕ ಔಷಧ?’

ಈ ಎರಡೂ ಮಾತುಗಳು ಹಳ್ಳಿಗರ ಅಜ್ಞಾನದಿಂದ ಹುಟ್ಟಿದವಲ್ಲ. ಮೊದಲನೆಯದನ್ನು ಬ್ಯಾಬಿಲೋನಿಯಾದಿಂದ ಭಾರತದವರೆಗೆ ಹಳೆಯ ಲೋಕದ ವೈದ್ಯರೆಲ್ಲ ನಂಬಿದ್ದರು. ಎರಡನೆಯದನ್ನು ಪದವಿ ಪಡೆದ ದಂತವೈದ್ಯರೂ ತೀರ ಇತ್ತೀಚಿನವರೆಗೆ ಬಹುಮಟ್ಟಿಗೆ ಒಪ್ಪಿಕೊಂಡಿದ್ದರು. ಚಿಕ್ಕ ಮಕ್ಕಳ ಹಲ್ಲಿನ ಚಿಕಿತ್ಸೆಯ ಚರಿತ್ರೆಯೆಂದರೆ ಈ ಎರಡು ನಂಬಿಕೆಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಂದ ಕಥೆ.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿ ದಾಟಿ ದಕ್ಷಿಣಕ್ಕೆ ಬಂದರೆ ಸಿಗುವ ತಡಸ, ಶಿಗ್ಗಾವಿ ತಾಲ್ಲೂಕಿನ ಊರು. ಮುಂಡಗೋಡ, ಶಿರಸಿ ಕಡೆಯ ದಾರಿ ಇಲ್ಲಿಂದಲೇ ಸೀಳುತ್ತದೆ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವ ತನಕ ಇದು ಧಾರವಾಡ ಜಿಲ್ಲೆಗೇ ಸೇರಿತ್ತು. ಜಿಲ್ಲೆ ಬದಲಾದರೂ ದೊಡ್ಡ ದವಾಖಾನೆ ಎಂದರೆ ಈ ಭಾಗದ ಜನ ಮುಖ ಮಾಡುವುದು ಹುಬ್ಬಳ್ಳಿ–ಧಾರವಾಡದ ಕಡೆಗೇ. ಹಲ್ಲಿನ ಕಾಲೇಜೊಂದು ಅಲ್ಲಿ 1986ರಿಂದಲೂ ಇದೆ. ಹಾಗಿದ್ದೂ ನಾಲ್ಕು ವರ್ಷದ ಮಗುವಿನ ಹುಳುಕು ಹಲ್ಲಿಗಾಗಿ ಬಸ್ಸು ಹತ್ತುವವರು ಎಷ್ಟು ಮಂದಿ ಎಂದು ಕೇಳಿದರೆ, ಉತ್ತರ ಸಿಗುವುದು ದೂರದ ಲೆಕ್ಕದಲ್ಲಿ ಅಲ್ಲ, ನಂಬಿಕೆಯ ಲೆಕ್ಕದಲ್ಲಿ.

ಹುಳದ ಕಥೆ

ಹಲ್ಲಿನೊಳಗೆ ಹುಳ ಕೂತು ಕೊರೆಯುತ್ತದೆ ಎಂಬ ಕಲ್ಪನೆ ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳಲ್ಲಿ ಬರೆದಿಟ್ಟಷ್ಟು ಹಳೆಯದು. ನಮ್ಮ ಸುಶ್ರುತ ಸಂಹಿತೆ ಹಲ್ಲಿನ ರೋಗಗಳನ್ನು ಎಣಿಸುವಾಗ ‘ಕೃಮಿದಂತಕ’ ಎಂಬ ಹೆಸರನ್ನೇ ಕೊಡುತ್ತದೆ. ಹಲ್ಲು ಕಪ್ಪಾಗುವುದು, ತೂತು ಬೀಳುವುದು, ಅಲುಗಾಡುವುದು, ಸೋರುವುದು, ಊತ ಮತ್ತು ತಡೆಯಲಾರದ ನೋವು: ಅದು ಕೊಡುವ ಲಕ್ಷಣಗಳನ್ನು ಇಂದಿನ ವೈದ್ಯರೂ ತಿದ್ದಬೇಕಾಗಿಲ್ಲ. ಕಾರಣವೊಂದರಲ್ಲಿ ಮಾತ್ರ ಹುಳ ಹೊಕ್ಕಿತ್ತು.

ವಾಗ್ಭಟನ ಅಷ್ಟಾಂಗ ಹೃದಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಹಲ್ಲಿನ ತೂತಿಗೆ ಬೆಲ್ಲವನ್ನೋ ಜೇನುಮೇಣವನ್ನೋ ತುಂಬಿ, ಕಾದ ಸಲಾಕೆಯಿಂದ ಸುಡಬೇಕೆಂದು ಅಲ್ಲಿ ಹೇಳಿದೆ. ಬೆಲ್ಲದಿಂದ ಕೆಟ್ಟ ಹಲ್ಲಿಗೆ ಬೆಲ್ಲವನ್ನೇ ತುಂಬುವುದು ಇಂದು ತಮಾಷೆಯಾಗಿ ಕಾಣಬಹುದು. ಆದರೆ ತೂತನ್ನು ಮುಚ್ಚಬೇಕು, ಒಳಗಿನ ಕೊಳೆತವನ್ನು ಸುಟ್ಟು ನಿಲ್ಲಿಸಬೇಕು ಎಂಬ ಎರಡು ವಿಚಾರಗಳು ಆ ಮಾತಿನಲ್ಲಿ ಸ್ಪಷ್ಟವಾಗಿವೆ. ಮುಂದೆ ದಂತವೈದ್ಯವೆಲ್ಲ ನಿಂತದ್ದು ಈ ಎರಡರ ಮೇಲೆಯೇ.

ಹಳ್ಳಿಗಳಲ್ಲಿ ಉಳಿದದ್ದು ಹೊಗೆಯ ಚಿಕಿತ್ಸೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಾಯಿಸಿದರೆ ಹುಳ ಉದುರುತ್ತವೆ ಎಂಬ ನಂಬಿಕೆ ದೇಶದ ಅನೇಕ ಕಡೆ ಇತ್ತು. ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಹೆನ್‌ಬೇನ್ ಎಂಬ ಗಿಡದ ಬೀಜ ಬಳಸುತ್ತಿದ್ದರು. ಕಾದ ಬೀಜ ಒಡೆದು ಅದರೊಳಗಿನ ಬಿಳಿ ಮೊಳಕೆ ಹೊರಬಿದ್ದಾಗ ಅದನ್ನೇ ಹುಳವೆಂದು ತೋರಿಸಲಾಗುತ್ತಿತ್ತು. ಜಾತ್ರೆ, ಸಂತೆಗಳಲ್ಲಿ ‘ಹುಳ ತೆಗೆಯುವವರ’ ಕೈಚಳಕಕ್ಕೂ ಆಧಾರ ಇಂಥದೇ ಕಣ್ಕಟ್ಟು. ಆದರೂ ಹೊಗೆ ಹಾಕಿಸಿಕೊಂಡ ಮೇಲೆ ಕೆಲವರಿಗೆ ನೋವು ಕೊಂಚ ಇಳಿದದ್ದೂ ಇರಬಹುದು. ನಂಬಿಕೆ ಸಾವಿರಾರು ವರ್ಷ ಬಾಳಲು ಅಷ್ಟು ಸಾಕು.

ಹುಳವನ್ನು ಮೊದಲು ಬಹಿರಂಗವಾಗಿ ಅಲ್ಲಗಳೆದವರಲ್ಲಿ ಫ್ರಾನ್ಸಿನ ಪಿಯೇರ್ ಫೋಶಾರ್ ಪ್ರಮುಖ. 1728ರಲ್ಲಿ ಹಲ್ಲಿನ ವೈದ್ಯದ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ ಈತ, ತನ್ನ ಸೂಕ್ಷ್ಮದರ್ಶಕದಲ್ಲಿ ಅಂಥ ಹುಳ ಕಾಣಲಿಲ್ಲವೆಂದು ಬರೆದ. ನಿಜವಾದ ಕಾರಣ ಹೊರಬರಲು ಇನ್ನೂ ಒಂದೂವರೆ ಶತಮಾನ ಕಾಯಬೇಕಾಯಿತು. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಡಬ್ಲ್ಯು.ಡಿ. ಮಿಲ್ಲರ್, ಕಿತ್ತ ಹಲ್ಲುಗಳನ್ನು ಎಂಜಲು ಮತ್ತು ರೊಟ್ಟಿಯ ಮಿಶ್ರಣದಲ್ಲಿ ಇಟ್ಟು ನೋಡಿದರು. ಹಲ್ಲು ಮೆತ್ತಗಾಯಿತು. ಮಾಂಸದೊಡನೆ ಇಟ್ಟಾಗ ಹಾಗೆ ಆಗಲಿಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಹಿಟ್ಟು, ಸಕ್ಕರೆಗಳನ್ನು ಹುಳಿ ಬರಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ ಎಂದು 1890ರ ಪುಸ್ತಕದಲ್ಲಿ ಮಿಲ್ಲರ್ ವಿವರಿಸಿದರು. 1924ರಲ್ಲಿ ಜೆ. ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದಲೇ ಒಂದು ಜೀವಿಯನ್ನು ಬೇರ್ಪಡಿಸಿ ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್ ಎಂದು ಹೆಸರಿಟ್ಟರು. ಅಜ್ಜಿಯರ ಹುಳ ಹೀಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮರಳಿ ಬಂತು. ಹೊಗೆಗೆ ಅದು ಉದುರುವುದಿಲ್ಲ, ಅಷ್ಟೇ.

ಹಾಲಿನಿಂದ ಹುಟ್ಟಿದ ಹಲ್ಲು

ಹಾಲುಹಲ್ಲು ಎಂಬ ಹೆಸರೂ ಒಂದು ಹಳೆಯ ತಿಳಿವಳಿಕೆಯ ಗುರುತು. ತಾಯಿಯ ಹಾಲಿನಿಂದ ಈ ಹಲ್ಲು ಆಗುತ್ತದೆ ಎಂಬ ನಂಬಿಕೆ ಪ್ರಾಚೀನ ಗ್ರೀಸಿನಲ್ಲೂ ಇತ್ತು. ಬಿದ್ದ ಹಲ್ಲಿನ ಬೇರಿನಿಂದಲೇ ಹೊಸ ಹಲ್ಲು ಚಿಗುರುತ್ತದೆ ಎಂದು ಬಹುಕಾಲ ತಿಳಿದಿದ್ದರು. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟಾಕಿ 1563ರಲ್ಲಿ ಹಲ್ಲುಗಳ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ, ಎರಡೂ ಸಾಲಿನ ಹಲ್ಲುಗಳ ಮೊಳಕೆ ಬೇರೆ ಬೇರೆ ಎಂದು ತೋರಿಸಿದ.

ಮಗುವಿಗೆ ಹಾಲುಹಲ್ಲು 20. ಆರು ತಿಂಗಳ ಸುಮಾರಿಗೆ ಕೆಳಗಿನ ಮುಂದಿನ ಹಲ್ಲುಗಳಿಂದ ಶುರುವಾಗಿ ಎರಡೂವರೆ–ಮೂರು ವರ್ಷಕ್ಕೆ ಎಲ್ಲವೂ ಬಂದಿರುತ್ತವೆ. ನಮ್ಮಲ್ಲಿ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎನ್ನುತ್ತಾರೆ. ಬಿದ್ದ ಮೊದಲ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ಪದ್ಧತಿಯೂ ಇದೆ. ಬರುವ ಹಲ್ಲಿಗೂ ಬೀಳುವ ಹಲ್ಲಿಗೂ ಶಾಸ್ತ್ರವಿದೆ. ನಡುವಿನ ಐದಾರು ವರ್ಷ ಅದು ಬಾಯಲ್ಲಿದ್ದಾಗ ಮಾತ್ರ ಯಾವ ಶಾಸ್ತ್ರವೂ ಇಲ್ಲ.

ಯುರೋಪಿನಲ್ಲೂ ಗಮನವೆಲ್ಲ ಹಲ್ಲು ಹುಟ್ಟುವ ಹೊತ್ತಿನ ಮೇಲೆಯೇ ಇತ್ತು. ಲಂಡನ್ನಿನ ಹಳೆಯ ಮರಣ ಪಟ್ಟಿಗಳಲ್ಲಿ ಶಿಶುಗಳ ಸಾವಿಗೆ ‘ಹಲ್ಲು ಬರುವುದು’ ಎಂದೇ ಕಾರಣ ಬರೆಯುತ್ತಿದ್ದರು. ಭೇದಿ, ಜ್ವರ, ಸೆಳವಿನಿಂದ ಸತ್ತ ಕೂಸುಗಳಿಗೆ ಅದೇ ವಯಸ್ಸಿನಲ್ಲಿ ಹಲ್ಲೂ ಬರುತ್ತಿದ್ದುದೇ ಈ ತಪ್ಪಿಗೆ ಕಾರಣ. ಮಕ್ಕಳ ಹಲ್ಲಿನ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಲ ಪುಸ್ತಕವೆನ್ನುವ ಜೋಸೆಫ್ ಹರ್ಲಾಕ್‌ನ 1742ರ ಕೃತಿ, ಕೂಸಿನ ಒಸಡನ್ನು ಚೂರಿಯಿಂದ ಸೀಳಿ ಹಲ್ಲಿಗೆ ದಾರಿ ಮಾಡಿಕೊಡಬೇಕೆಂದು ಒತ್ತಿ ಹೇಳಿತು. ಆಮೇಲೆ ಬಂದದ್ದು ಹಲ್ಲು ಬರಿಸುವ ಪುಡಿಗಳು. ಅವುಗಳಲ್ಲಿ ಪಾದರಸದ ಲವಣವಾದ ಕ್ಯಾಲೊಮೆಲ್ ಇರುತ್ತಿತ್ತು. ಕೈಕಾಲು ಕೆಂಪಾಗಿ, ಸಿಪ್ಪೆ ಸುಲಿದು, ಮಕ್ಕಳು ನರಳುವ ‘ಪಿಂಕ್ ಡಿಸೀಸ್’ ಎಂಬ ಕಾಯಿಲೆಗೆ ಈ ಪಾದರಸವೇ ಮೂಲ ಎಂದು 1940ರ ದಶಕದಲ್ಲಿ ತಿಳಿಯಿತು. ಬ್ರಿಟನ್ನಿನ ತಯಾರಕರು 1954ರಲ್ಲಿ ಪುಡಿಯಿಂದ ಪಾದರಸವನ್ನು ಕೈಬಿಟ್ಟರು. ಕಾಯಿಲೆಯೂ ಬಹುತೇಕ ಮಾಯವಾಯಿತು. ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಇರುವ ರೋಗವನ್ನು ತಂದುಕೊಂಡ ಉದಾಹರಣೆ ವೈದ್ಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಅಪರೂಪ.

ಸಕ್ಕರೆ ಬಂದ ಮೇಲೆ

ಉತ್ತರ ಕರ್ನಾಟಕದ ಹಬ್ಬಗಳ ಪಟ್ಟಿಯಲ್ಲಿ ಮಕ್ಕಳ ಪಾಲಿನ ಸಿಹಿಗೆ ಕೊರತೆಯಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ, ಜಾತ್ರೆಗೆ ಬೆಂಡು ಬೆತ್ತಾಸ. ಆದರೆ ಇವೆಲ್ಲ ವರ್ಷದ ಕೆಲವು ದಿನಗಳ ಸಂಭ್ರಮ. ಬಾಯಿ ಸಿಹಿಯಾಗಿ ಮತ್ತೆ ರೊಟ್ಟಿ ಪಲ್ಲೆಗೆ ಮರಳುತ್ತಿತ್ತು. ಬೂದಿ, ಇದ್ದಿಲು, ಉಪ್ಪು, ಬೇವಿನ ಕಡ್ಡಿ, ಜಾಲಿ ಕಡ್ಡಿ ಹಲ್ಲು ತಿಕ್ಕಲು ಸಾಕಾಗುತ್ತಿದ್ದವು. 1913ರಲ್ಲಿ ನಂಜನಗೂಡಿನಲ್ಲಿ ಆರಂಭವಾದ ಸದ್ವೈದ್ಯಶಾಲೆಯ ಹಲ್ಲುಪುಡಿ ನಾಡಿನ ಮನೆಮಾತಾಯಿತು.

ಸಕ್ಕರೆ ದಿನಬಳಕೆಗೆ ಇಳಿದ ಮೇಲೆ ಲೆಕ್ಕ ಬದಲಾಯಿತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. ಮುಂದೆ ಬೆಳಗಾವಿ, ಬಾಗಲಕೋಟೆಗಳಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. ಹಾವೇರಿ ಹತ್ತಿರದ ಸಂಗೂರಿನಲ್ಲೂ ಒಂದು ಕಾರ್ಖಾನೆ ಬಂತು. ಚಹಾ ಮನೆಮನೆಗೆ ಹೊಕ್ಕಿತು, ಚಹಾದೊಡನೆ ಬಿಸ್ಕತ್ತು ಹೊಕ್ಕಿತು. ಅಳುವ ಕೂಸಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೊಡುವುದು ಹಳ್ಳಿಯಲ್ಲೂ ರೂಢಿಯಾಯಿತು. ಕಿರಾಣಿ ಅಂಗಡಿಯ ಭರಣಿಗಳಲ್ಲಿ ಒಂದು ರೂಪಾಯಿಯ ಚಾಕೊಲೇಟು ಕಾಯಂ ಆಯಿತು.

ಎಷ್ಟು ಸಕ್ಕರೆ ತಿಂದೆ ಎಂಬುದಕ್ಕಿಂತ ಎಷ್ಟು ಸಲ ತಿಂದೆ ಎಂಬುದೇ ಹಲ್ಲಿಗೆ ಮುಖ್ಯ. ಇದು ಗೊತ್ತಾದ ಬಗೆ ಮಾತ್ರ ಹೆಮ್ಮೆಪಡುವಂಥದಲ್ಲ. ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಲ್ಮ್ ಎಂಬ ಮಾನಸಿಕ ವಿಕಲರ ಆಸ್ಪತ್ರೆಯಲ್ಲಿ 1945ರಿಂದ ಹಲವು ವರ್ಷ ಅಲ್ಲಿದ್ದವರಿಗೆ ಬಗೆಬಗೆಯ ಸಿಹಿ ತಿನ್ನಿಸಿ ಹಲ್ಲು ಹುಳುಕುವುದನ್ನು ಅಳೆಯಲಾಯಿತು. ಅವರ ಒಪ್ಪಿಗೆ ಕೇಳಿದವರಿಲ್ಲ. ಊಟದ ಜೊತೆ ತಿಂದ ಸಕ್ಕರೆಗಿಂತ ಊಟದ ನಡುವೆ ಮತ್ತೆ ಮತ್ತೆ ತಿಂದ ಅಂಟು ಮಿಠಾಯಿ ಹೆಚ್ಚು ಕೆಡಿಸುತ್ತದೆ ಎಂದು 1954ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಸ್ವೀಡನ್ನಿನ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಎಂಬ ಪದ್ಧತಿ ಅಲ್ಲಿಂದ ಬೆಳೆಯಿತು. ವರ್ಷಕ್ಕೊಮ್ಮೆ ಬರುವ ಸಕ್ಕರೆ ಆರತಿಗಿಂತ ದಿನಕ್ಕೆ ಐದು ಸಲದ ಬಿಸ್ಕತ್ತು ಕೆಟ್ಟದ್ದು ಎಂದು ನಮ್ಮ ಲೆಕ್ಕಕ್ಕೆ ಅದನ್ನು ತಿಳಿಯಬಹುದು.

ಕೂಸುಗಳ ವಿಷಯದಲ್ಲಿ ಇನ್ನೊಂದು ಸಂಗತಿ ಸೇರಿತು. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳ ಮೇಲಿನ ಮುಂದಿನ ಹಲ್ಲುಗಳು ಸಾಲಾಗಿ ಕೊಳೆಯುವುದನ್ನು 1962ರಲ್ಲಿ ಎಲಿಯಾಸ್ ಫಾಸ್ ಎಂಬ ವೈದ್ಯರು ವಿವರಿಸಿದರು. ನಿದ್ದೆಯಲ್ಲಿ ಎಂಜಲು ಕಡಿಮೆ. ಹಲ್ಲಿನ ಸುತ್ತ ನಿಂತ ಸಿಹಿ ಹಾಲನ್ನು ತೊಳೆಯುವುದು ಯಾವುದೂ ಇಲ್ಲ. ಕೆಳಗಿನ ಮುಂದಿನ ಹಲ್ಲುಗಳನ್ನು ಮಾತ್ರ ನಾಲಿಗೆ ಕಾಯುತ್ತದೆ. ಸಿಹಿ ಅದ್ದಿದ ಚೀಪುವ ರಬ್ಬರೂ ಬಾಟಲಿಯ ಕೆಲಸವನ್ನೇ ಮಾಡುತ್ತದೆ. ತಾಯಿಯ ಬಾಯಿಯ ಸೂಕ್ಷ್ಮಜೀವಿಗಳು ಮಗುವಿಗೆ ದಾಟುತ್ತವೆ ಎಂಬುದೂ ಮುಂದೆ ತಿಳಿಯಿತು. ಹಾಗಾಗಿ ಮಗುವಿನ ಹಲ್ಲಿನ ಆರೈಕೆ ತಾಯಿಯ ಹಲ್ಲಿನಿಂದಲೇ ಶುರುವಾಗಬೇಕು.

ಕೀಳುವುದೇ ಮದ್ದಾಗಿದ್ದ ಕಾಲ

ಇಷ್ಟೆಲ್ಲ ತಿಳಿದ ಮೇಲೂ ಚಿಕ್ಕ ಮಕ್ಕಳ ಹುಳುಕು ಹಲ್ಲಿಗೆ ಬಹುಕಾಲ ಇದ್ದ ಮದ್ದು ಒಂದೇ: ಕಿತ್ತುಹಾಕುವುದು. ಅದಕ್ಕೆ ಕಾರಣಗಳೂ ಇದ್ದವು. ಹಾಲುಹಲ್ಲಿನ ಹೊರಗಿನ ಗಟ್ಟಿ ಪದರ ದೊಡ್ಡ ಹಲ್ಲಿನದಕ್ಕೆ ಹೋಲಿಸಿದರೆ ಸುಮಾರು ಅರ್ಧದಷ್ಟೇ ದಪ್ಪ. ಒಳಗಿನ ನರ ಮೇಲ್ಮೈಗೆ ಹತ್ತಿರ. ಹುಳುಕು ಬಿದ್ದ ಕೆಲವೇ ತಿಂಗಳಲ್ಲಿ ಅದು ನರಕ್ಕೆ ತಲುಪಬಹುದು. ಕೊರೆಯುವ ಯಂತ್ರದ ಸದ್ದಿಗೆ ಮೂರು ವರ್ಷದ ಮಗು ಬಾಯಿ ತೆರೆಯುವುದಿಲ್ಲ. ವೈದ್ಯರಿಗೂ ತಾಳ್ಮೆ ಕಡಿಮೆ.

ಆದರೆ ಹಾಲುಹಲ್ಲು ಬರೀ ಅಗಿಯುವ ಹಲ್ಲಲ್ಲ, ಅದು ಜಾಗ ಕಾಯುವ ಹಲ್ಲು. ಹಿಂದಿನ ದವಡೆಯ ಹಾಲುಹಲ್ಲು ಹತ್ತು–ಹನ್ನೆರಡು ವರ್ಷದ ತನಕ ಬಾಯಲ್ಲಿರಬೇಕಾದದ್ದು. ಅದನ್ನು ಐದನೆಯ ವರ್ಷಕ್ಕೇ ಕಿತ್ತರೆ, ಆರನೆಯ ವರ್ಷಕ್ಕೆ ಬರುವ ಕಾಯಂ ದವಡೆಹಲ್ಲು ಮುಂದಕ್ಕೆ ಜರುಗಿ ಜಾಗ ನುಂಗುತ್ತದೆ. ಕೆಳಗಿನಿಂದ ಬರಬೇಕಾದ ಹಲ್ಲು ಜಾಗವಿಲ್ಲದೆ ಅಡ್ಡಾದಿಡ್ಡಿ ಬರುತ್ತದೆ. ಕೀಳದೆ ಕೀವು ತುಂಬಿದ ಹಾಗೇ ಬಿಟ್ಟರೂ ಅಪಾಯ. ಬೇರಿನ ಕೆಳಗೇ ಬೆಳೆಯುತ್ತಿರುವ ಕಾಯಂ ಹಲ್ಲಿನ ಮೊಳಕೆಗೆ ಆ ಸೋಂಕು ತಗುಲಿ, ಅದು ಹುಟ್ಟುವಾಗಲೇ ಕಲೆ, ಕುಳಿ ಹೊತ್ತು ಬರಬಹುದು. ಇದಕ್ಕೆ ‘ಟರ್ನರ್ ಹಲ್ಲು’ ಎಂಬ ಹೆಸರೇ ಇದೆ. ಬೀಳುವ ಹಲ್ಲು ಕೆಟ್ಟರೆ ಬೀಳದ ಹಲ್ಲೂ ಕೆಡುತ್ತದೆ ಎಂಬುದು ಇದರ ಅರ್ಥ.

ಸೋಂಕು ಹಲ್ಲಿನಲ್ಲೇ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 12 ವರ್ಷದ ಬಡ ಬಾಲಕನೊಬ್ಬ, ಹುಳುಕು ಹಲ್ಲಿನ ಸೋಂಕು ಮೆದುಳಿಗೆ ಹಬ್ಬಿ ತೀರಿಕೊಂಡ. ಹಲ್ಲು ಕೀಳಿಸಲು ಬೇಕಿದ್ದದ್ದು ಸುಮಾರು 80 ಡಾಲರ್. ಅಲ್ಲಿನ ಸರ್ಕಾರ ಮಕ್ಕಳ ದಂತ ಚಿಕಿತ್ಸೆಯ ನಿಯಮಗಳನ್ನೇ ಬದಲಿಸಬೇಕಾಯಿತು. ಇಂಥ ಸಾವು ತೀರ ಅಪರೂಪ. ನೋವಿಗೆ ಊಟ ಬಿಡುವ, ರಾತ್ರಿ ನಿದ್ದೆಗೆಡುವ, ಸಾಲೆ ತಪ್ಪಿಸುವ ಮಕ್ಕಳು ಅಪರೂಪವಲ್ಲ.

ಮಕ್ಕಳ ಹಲ್ಲು ಸಾರ್ವಜನಿಕ ವಿಷಯವೆಂದು ಮೊದಲು ಕಂಡದ್ದು ಶಾಲೆಗಳಲ್ಲಿ. ಜರ್ಮನಿಯ ವಶದಲ್ಲಿದ್ದ ಸ್ಟ್ರಾಸ್‌ಬರ್ಗ್‌ನಲ್ಲಿ 1902ರಲ್ಲಿ ಅರ್ನ್‌ಸ್ಟ್ ಯೆಸ್ಸೆನ್ ಶಾಲಾ ಮಕ್ಕಳಿಗೆ ಉಚಿತ ದಂತ ಚಿಕಿತ್ಸಾಲಯ ತೆರೆದರು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 1907ರಲ್ಲಿ ಅಂಥದೇ ಒಂದು ಆರಂಭವಾಯಿತು. ಎಲ್ಲಕ್ಕಿಂತ ಧೈರ್ಯದ ಹೆಜ್ಜೆ ನ್ಯೂಜಿಲೆಂಡಿನದು. ಹಳ್ಳಿಗಳಿಗೆ ದಂತವೈದ್ಯರು ಹೋಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು, 1921ರಲ್ಲಿ ಆ ದೇಶ ಯುವತಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ‘ಶಾಲಾ ದಂತ ದಾದಿ’ಯರನ್ನಾಗಿ ಮಾಡಿತು. ವೈದ್ಯರ ಸಂಘಗಳ ಆಕ್ಷೇಪದ ನಡುವೆಯೂ ಆ ವ್ಯವಸ್ಥೆ ನಿಂತಿತು, ಬೇರೆ ದೇಶಗಳಿಗೂ ಹರಡಿತು.

ಭಾರತದಲ್ಲಿ 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಬೆಂಗಳೂರಿನ ಸರ್ಕಾರಿ ದಂತ ವೈದ್ಯ ಕಾಲೇಜು 1958ರಲ್ಲೂ ಮಣಿಪಾಲದ ಕಾಲೇಜು 1965ರಲ್ಲೂ ಆರಂಭವಾದವು. ಮಕ್ಕಳ ದಂತವೈದ್ಯರು ತಮ್ಮದೇ ಅಖಿಲ ಭಾರತ ಸಂಘ ಕಟ್ಟಿಕೊಂಡದ್ದು 1979ರಲ್ಲಿ. ದಾವಣಗೆರೆ, ಬೆಳಗಾವಿ, ಧಾರವಾಡಗಳಲ್ಲಿ ಕಾಲೇಜುಗಳು ಬಂದದ್ದು ಆ ಹೊತ್ತಿನಿಂದ 1980ರ ದಶಕದೊಳಗೆ. ಅಂದರೆ ತಡಸದಂಥ ಊರಿನ ಮಗುವಿಗೆ ತನ್ನ ಹಲ್ಲನ್ನೇ ಕಲಿತ ವೈದ್ಯರು ಒಂದು ಬಸ್ಸಿನ ದೂರದಲ್ಲಿ ಸಿಗಲು ಶುರುವಾಗಿ ಇನ್ನೂ ಎರಡು ತಲೆಮಾರು ಕಳೆದಿಲ್ಲ.

ಕೊರೆಯದೆ ವಾಸಿ ಮಾಡುವ ದಾರಿ

ಕಳೆದ ಐವತ್ತು–ಅರವತ್ತು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆಯೆಂದರೆ ಕೊರೆಯುವ ಯಂತ್ರದ ಮೇಲಿನ ಅವಲಂಬನೆ ಕಡಿಮೆಯಾದದ್ದು. ಇದರಲ್ಲಿ ಹೆಚ್ಚಿನ ವಿಧಾನಗಳು ಬಂದದ್ದು ಸೌಕರ್ಯ ಇಲ್ಲದ ಕಡೆಯ ಒತ್ತಡದಿಂದ ಎಂಬುದು ಗಮನಾರ್ಹ.

ಹುಳುಕು ತೂತಿನಿಂದ ಶುರುವಾಗುವುದಿಲ್ಲ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ ಕಾಣುವುದು ಅದರ ಮೊದಲ ಗುರುತು. ಆ ಹಂತದಲ್ಲಿ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಫ್ಲೋರೈಡ್ ವಾರ್ನಿಷನ್ನು ಕುಂಚದಿಂದ ಬಳಿದರೆ ಅದಕ್ಕೆ ನೆರವು. ಇದು 1964ರಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂತು.

ತೂತು ಬಿದ್ದ ಮೇಲಿನ ದಾರಿ ಬೇರೆ. 1980ರ ದಶಕದ ನಡುವೆ ಆಫ್ರಿಕಾದ ಟಾಂಜಾನಿಯಾದಲ್ಲಿ ಕೆಲಸ ಮಾಡುತ್ತಿದ್ದ ಡಚ್ ದಂತವೈದ್ಯ ಯೊ ಫ್ರೆಂಕೆನ್ ಅವರಿಗೆ ವಿದ್ಯುತ್ತೂ ನೀರೂ ಸರಿಯಾಗಿ ಇಲ್ಲದ ಕಡೆ ಹಲ್ಲು ತುಂಬಬೇಕಿತ್ತು. ಮೆತ್ತಗಾದ ಭಾಗವನ್ನು ಕೈಯಿಂದಲೇ ಸಣ್ಣ ಚಮಚದಂಥ ಉಪಕರಣದಲ್ಲಿ ಕೆರೆದು, ತೂತಿಗೆ ಅಂಟಿಕೊಳ್ಳುವ ಸಿಮೆಂಟು ತುಂಬುವ ವಿಧಾನವನ್ನು ಅವರು ರೂಪಿಸಿದರು. ಹಲ್ಲಿಗೆ ತಾನಾಗಿ ಅಂಟಿಕೊಂಡು, ಫ್ಲೋರೈಡನ್ನೂ ನಿಧಾನವಾಗಿ ಬಿಡುವ ಗ್ಲಾಸ್ ಅಯನೋಮರ್ ಸಿಮೆಂಟನ್ನು ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಲೋಕಕ್ಕೆ ಪರಿಚಯಿಸಿದ್ದರು. ಚುಚ್ಚುಮದ್ದು ಬೇಡ, ಯಂತ್ರ ಬೇಡ, ಮಗು ತಾಯಿಯ ತೊಡೆಯ ಮೇಲೆ ಮಲಗಿದ್ದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಈ ವಿಧಾನಕ್ಕೆ ಬೆಂಬಲ ಘೋಷಿಸಿತು.

ಹಿಂದಿನ ದವಡೆಯ ಹಲ್ಲಿಗೆ ಉಕ್ಕಿನ ಟೋಪಿ ಹಾಕುವುದನ್ನು 1950ರಲ್ಲಿ ಡಬ್ಲ್ಯು.ಪಿ. ಹಂಫ್ರಿ ತಂದರು. ಅದಕ್ಕೆ ಹಲ್ಲನ್ನು ಸುತ್ತಲೂ ಕೊರೆದು ಸಣ್ಣದು ಮಾಡಬೇಕಿತ್ತು. ಸ್ಕಾಟ್ಲೆಂಡಿನಲ್ಲಿ ನೊರ್ನಾ ಹಾಲ್ ಎಂಬ ಸಾಮಾನ್ಯ ದಂತವೈದ್ಯೆ, ಕೊರೆಯದೆ, ಹುಳುಕನ್ನೂ ತೆಗೆಯದೆ, ಅದರ ಮೇಲೆಯೇ ಸಿಮೆಂಟು ತುಂಬಿದ ಟೋಪಿಯನ್ನು ಒತ್ತಿ ಕೂರಿಸತೊಡಗಿದರು. ಒಳಗೆ ಸಿಕ್ಕ ಸೂಕ್ಷ್ಮಜೀವಿಗಳಿಗೆ ಸಕ್ಕರೆ ಸಿಗದೆ ಹುಳುಕು ಅಲ್ಲೇ ನಿಲ್ಲುತ್ತದೆ ಎಂಬುದು ತರ್ಕ. ವೈದ್ಯ ಪಾಠಗಳಿಗೆ ಇದು ತೀರ ವಿರುದ್ಧವಾಗಿತ್ತು. ಆದರೆ ಅವರು ವರ್ಷಗಟ್ಟಲೆ ಇಟ್ಟಿದ್ದ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದಾಗ, ಹಳೆಯ ವಿಧಾನಕ್ಕಿಂತ ಇದೇನೂ ಕಡಿಮೆಯಿಲ್ಲ ಎಂದು ಕಂಡಿತು. ಇಂದು ಇದು ಅವರ ಹೆಸರಿನಲ್ಲೇ ಪಾಠವಾಗಿದೆ.

ಸೋಂಕು ನರಕ್ಕೆ ಮುಟ್ಟಿದಾಗ ಮಾತ್ರ ಒಳಗನ್ನು ಬಗೆದು ತುಂಬಬೇಕಾಗುತ್ತದೆ. ಹಾಲುಹಲ್ಲಿನ ಬೇರು ಮುಂದೆ ಕರಗಿ ಹೋಗಬೇಕಾದ್ದರಿಂದ ಅದರೊಳಗೆ ತುಂಬುವ ಮದ್ದೂ ಕರಗುವಂಥದೇ ಇರಬೇಕು. ಅದಕ್ಕಾಗಿ ಬಹುಕಾಲದಿಂದ ಬಳಕೆಯಲ್ಲಿರುವುದು ಸತುವಿನ ಪುಡಿ ಮತ್ತು ಲವಂಗದ ಎಣ್ಣೆಯ ಸಾರ ಕಲಸಿದ ಲೇಪ. ಹಲ್ಲುನೋವಿಗೆ ಅಜ್ಜಿ ಕೊಡುತ್ತಿದ್ದ ಲವಂಗವೇ ದಂತ ಚಿಕಿತ್ಸಾಲಯದ ಕಪಾಟಿನಲ್ಲೂ ಕೂತಿದೆ.

ಕಪ್ಪು ಕಲೆಯ ಪ್ರಶ್ನೆ

ಇವೆಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಸುಲಭದ ಮದ್ದು ಬೆಳ್ಳಿಯದು. ಅಮೆರಿಕದ ಪರ್ಸಿ ಹೋವ್ 1917ರಲ್ಲಿಯೇ ಹುಳುಕಿಗೆ ಸಿಲ್ವರ್ ನೈಟ್ರೇಟ್ ದ್ರಾವಣ ಬಳಸಿದ್ದರು. ಜಪಾನಿನ ಒಸಾಕಾದಲ್ಲಿ ಮಿಜುಹೊ ನಿಶಿನೊ 1969ರ ಸಂಶೋಧನೆಯಲ್ಲಿ ಬೆಳ್ಳಿಯ ಜೊತೆ ಫ್ಲೋರೈಡನ್ನು ಸೇರಿಸಿದರು. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ಈ ದ್ರವದ ಒಂದು ಹನಿಯನ್ನು ಸಣ್ಣ ಕುಂಚದಿಂದ ತೂತಿಗೆ ಹಚ್ಚಿದರೆ, ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಒಂದು ನಿಮಿಷದ ಕೆಲಸ. ದಕ್ಷಿಣ ಚೀನಾದ ಶಿಶುವಿಹಾರಗಳ 375 ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ತಜ್ಞರ ಪರೀಕ್ಷೆ, ಮುಂದಿನ ಹಾಲುಹಲ್ಲುಗಳ ಹುಳುಕನ್ನು ಇದು ನಿಲ್ಲಿಸುತ್ತದೆ ಎಂದು ತೋರಿಸಿತು. ಅಮೆರಿಕ 2014ರಲ್ಲಿ ಇದರ ಮಾರಾಟಕ್ಕೆ ದಾರಿ ಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟು, ಗ್ಲಾಸ್ ಅಯನೋಮರ್ ಸಿಮೆಂಟಿನ ಜೊತೆಗೆ ಇದನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲೂ ಇದು ಸಿಗುತ್ತದೆ.

ಒಂದೇ ತೊಡಕು. ಮದ್ದು ತಾಗಿದ ಹುಳುಕು ಇದ್ದಿಲಿನಂತೆ ಕಪ್ಪಾಗುತ್ತದೆ, ಹಾಗೇ ಉಳಿಯುತ್ತದೆ. ರೋಗ ನಿಂತಿತು ಎಂಬುದಕ್ಕೆ ಆ ಕಪ್ಪೇ ಸಾಕ್ಷಿ. ಆದರೆ ನೋಡುವವರ ಕಣ್ಣಿಗೆ ಹಲ್ಲು ಮೊದಲಿಗಿಂತ ಕೆಟ್ಟಂತೆ ಕಾಣುತ್ತದೆ. ಮುಂಚೆಯೇ ತಿಳಿಸದೆ ಹಚ್ಚಿದರೆ, ವೈದ್ಯರು ಮಗುವಿನ ಹಲ್ಲು ಸುಟ್ಟರು ಎಂದು ಊರೆಲ್ಲ ಸುದ್ದಿಯಾಗುವುದು ಖಂಡಿತ. ಹೆಣ್ಣುಮಗುವಿನ ಮುಂದಿನ ಹಲ್ಲಾದರೆ ಹೆತ್ತವರ ಅಳುಕು ಇನ್ನೂ ಹೆಚ್ಚು. ಹಿಂದಿನ ಹಲ್ಲಿಗೆ ಒಪ್ಪಿ ಮುಂದಿನದಕ್ಕೆ ಬೇಡವೆನ್ನುವ ಹಕ್ಕು ಅವರಿಗಿದೆ. ಕಪ್ಪಿನ ಮೇಲೆ ಬಿಳಿ ಸಿಮೆಂಟು ಮುಚ್ಚುವ ದಾರಿಯೂ ಇದೆ. ಮದ್ದು ಒಂದು ನಿಮಿಷದ್ದಾದರೂ ಮಾತು ಹತ್ತು ನಿಮಿಷದ್ದಾಗಬೇಕು.

ಫ್ಲೋರೈಡ್ ಎಂದರೆ ಗದಗ, ಮುಂಡರಗಿ ಕಡೆಯ ಜನರಿಗೆ ಬೇರೆಯೇ ನೆನಪು. ಅಲ್ಲಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಮೀರಿ, ಹಲ್ಲು ಕಂದಾಗುವುದು, ಮೂಳೆ ಸೆಟೆಯುವುದು ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕು, 1.5 ಮೀರಬಾರದು ಎಂಬುದು ಭಾರತೀಯ ಮಾನಕ. ನುಂಗಿದ ಫ್ಲೋರೈಡಿಗೂ ಹಲ್ಲಿಗೆ ಹಚ್ಚಿದ ಫ್ಲೋರೈಡಿಗೂ ವ್ಯತ್ಯಾಸವಿದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು ಎಂಬ ಸಲಹೆ ಈ ಎಚ್ಚರದಿಂದಲೇ ಬಂದದ್ದು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಹಚ್ಚಿ ತೋರಿಸುವುದು ದೊಡ್ಡವರಿಗೂ ಬೇಕಿಲ್ಲ.

ಕೊನೆಯ ಹತ್ತು ಮೈಲಿ

ದೇಶದ ದಂತ ಆರೋಗ್ಯದ ಬಗ್ಗೆ 2002–03ರಲ್ಲಿ ದಂತ ವೈದ್ಯಕೀಯ ಪರಿಷತ್ತು ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ, ಶೇ 51.9ರಷ್ಟು ಮಂದಿಗೆ ಹುಳುಕು ಇತ್ತು. ಲೋಕದಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲು ಹುಳುಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳಿದೆ. ಅದರಲ್ಲಿ ಬಹುಪಾಲು ಚಿಕಿತ್ಸೆ ಕಾಣದೆಯೇ ಬಿದ್ದುಹೋಗುವ ಹಲ್ಲು.

ಕರ್ನಾಟಕ ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದು. ಅವುಗಳಲ್ಲಿ ಹೆಚ್ಚಿನವು ಖಾಸಗಿ, ಹೆಚ್ಚಿನವು ನಗರಗಳಲ್ಲಿ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ತಂದಿತು. ಹಲ್ಲು ಹೋದವರಿಗೆ ಹಲ್ಲು ಕೊಟ್ಟದ್ದು ಒಳ್ಳೆಯದೇ. ಹಲ್ಲು ಹೋಗದಂತೆ ನೋಡಿಕೊಳ್ಳಬೇಕಾದ ವಯಸ್ಸು ಮಾತ್ರ ಅದಕ್ಕೂ ಅರವತ್ತು ವರ್ಷ ಹಿಂದಿನದು.

ಆ ವಯಸ್ಸಿನ ಮಕ್ಕಳು ದಿನವೂ ಒಟ್ಟಿಗೆ ಸಿಗುವ ಜಾಗ ಹಳ್ಳಿಯಲ್ಲಿ ಒಂದೇ, ಅಂಗನವಾಡಿ. 1975ರಲ್ಲಿ ದೇಶದ 33 ಕಡೆ ಮೊದಲಾದ ಆ ಯೋಜನೆ ಕರ್ನಾಟಕದಲ್ಲಿ ಟಿ. ನರಸೀಪುರದಿಂದ ಶುರುವಾಗಿ ಇಂದು ತಡಸದಂಥ ಪ್ರತಿ ಊರಿಗೂ ಬಂದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ಹುಳುಕು ಕಂಡ ಮಗುವಿಗೆ ಚೀಟಿ ಬರೆದುಕೊಟ್ಟ ಮೇಲೆ ಅದು ಶಿಗ್ಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಆ ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಕೊಟ್ಟು, ಉಳಿದ ಮಕ್ಕಳನ್ನು ಯಾರಿಗೋ ಒಪ್ಪಿಸಿ ಕರೆದೊಯ್ಯಬೇಕಾದವಳು ಅವ್ವ. ಚೀಟಿ ಅವಳ ಕೈಸೇರಿದಾಗ ‘ಹೆಂಗೂ ಬೀಳೂದ’ ಎಂಬ ಹಳೆಯ ಮಾತು ನೆರವಿಗೆ ಬರುವುದು ಸಹಜ. ಬಡತನಕ್ಕೆ ನಂಬಿಕೆ ಒಳ್ಳೆಯ ನೆಪ ಒದಗಿಸುತ್ತದೆ.

ಮದ್ದೇ ಅಂಗನವಾಡಿಗೆ ಬರುವಷ್ಟು ಸಣ್ಣದಾಗಿರುವುದು ಈ ಕಾಲದ ಹೊಸತನ. ಒಂದು ಕುಂಚ, ಒಂದು ಸಣ್ಣ ಬಾಟಲಿ, ಕೈಯಿಂದ ಕಲಸುವ ಸಿಮೆಂಟು, ತರಬೇತಿ ಪಡೆದ ಒಂದು ಕೈ. ನ್ಯೂಜಿಲೆಂಡ್ ನೂರು ವರ್ಷ ಹಿಂದೆ ದಾದಿಯರನ್ನು ಕಳಿಸಿದ್ದು ಕಾಲಿನಿಂದ ತುಳಿಯುವ ಕೊರೆಯುವ ಯಂತ್ರದ ಜೊತೆಗೆ. ಇಂದು ಅದರ ಅಗತ್ಯವೂ ಇಲ್ಲ. ಹುಬ್ಬಳ್ಳಿ–ಧಾರವಾಡದ ವಿದ್ಯಾರ್ಥಿ ವೈದ್ಯರಿಗೆ ಒಂದು ಬಸ್ಸಿನ ದಾರಿ, ತಾಲ್ಲೂಕು ಆಸ್ಪತ್ರೆಗೆ ತಿಂಗಳಲ್ಲೊಂದು ದಿನ. ಇಷ್ಟನ್ನು ಜೋಡಿಸುವುದು ಹಣಕ್ಕಿಂತ ಹೆಚ್ಚಾಗಿ ಮನಸ್ಸಿನ ಕೆಲಸ.

ಮನೆಯಲ್ಲಿ ಆಗಬೇಕಾದ್ದೂ ಹೆಚ್ಚಿಲ್ಲ. ಮೊದಲ ಹಲ್ಲು ಕಂಡ ದಿನದಿಂದಲೇ ಒದ್ದೆ ಬಟ್ಟೆಯಿಂದ ಅದನ್ನು ಒರೆಸುವುದು, ಬಾಟಲಿ ಬಾಯಲ್ಲಿಟ್ಟು ಮಲಗಿಸದಿರುವುದು, ಸಿಹಿಯನ್ನು ಊಟದ ಹೊತ್ತಿಗೆ ಮಾತ್ರ ಕೊಡುವುದು, ರಾತ್ರಿ ಮಲಗುವ ಮುನ್ನ ಅವ್ವನೋ ಅಪ್ಪನೋ ಕೈಯಾರೆ ಮಗುವಿನ ಹಲ್ಲು ತಿಕ್ಕುವುದು. ತಿಂಗಳಿಗೊಮ್ಮೆ ಮೇಲಿನ ತುಟಿ ಎತ್ತಿ ಬೆಳಕಿನಲ್ಲಿ ನೋಡುವುದು. ಒಸಡಿನಂಚಿನ ಆ ಬಿಳಿ ಗೆರೆ ಕಂಡರೆ ಅದು ಇನ್ನೂ ಮರಳಿ ಬರಬಲ್ಲ ಹಲ್ಲು. ಕಪ್ಪು ಕಾಣುವ ತನಕ ಕಾದರೆ ಮದ್ದು ದೊಡ್ಡದಾಗುತ್ತದೆ, ಕೀವು ತುಂಬುವ ತನಕ ಕಾದರೆ ನೋವು ದೊಡ್ಡದಾಗುತ್ತದೆ. ಮಾಳಿಗೆಯ ಮೇಲೆ ಎಸೆಯುವ ದಿನ ಬಂದಾಗ ಆ ಹಲ್ಲು ಇಡಿಯಾಗಿರಲಿ.